ಹೋಗಿ ಬಂದ ಮುಖ

ನಾನು ಕೆಲಸಕ್ಕಿದ್ದ ಭಟ್ಕಳದ ಫೋಟೊ ಸ್ಟುಡಿಯೋದ ಒಳಕೋಣೆಗೆ ಕಿಟಕಿ ಇರಲಿಲ್ಲ. ಇದ್ದ ಒಂದು ಕಿಟಕಿಗೂ ಮಾಲೀಕರು ಪ್ಲೈವುಡ್ ಹೊಡೆಸಿ ಮೇಲೆ ಬಣ್ಣ ಬಳಿಸಿದ್ದರು. ಬಾಗಿಲಿನ ಬೀಗದ ಕೈ ನನ್ನ ಹತ್ತಿರ ಮಾತ್ರ. ಒಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದೇ ಒಂದು ಕುರ್ಚಿ. ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ, ಇರಲೂ ಕೂಡದು. ನನ್ನ ಮೊಬೈಲನ್ನು ಹೊರಗಿನ ಕೌಂಟರಿನ ಡ್ರಾಯರಿನಲ್ಲಿಟ್ಟೇ ನಾನು ಒಳಗೆ ಹೋಗಬೇಕಿತ್ತು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆಂದರೆ ಅಲ್ಲಿ ಮದುವೆಯ ಹೆಂಗಸರ ಕಡೆಯ ಫೋಟೊಗಳು ಇರುತ್ತಿದ್ದವು. ನವಾಯತಿ ಮಾತಾಡುವ ಮುಸ್ಲಿಂ ಮನೆಗಳಲ್ಲಿ ಮದುವೆ ಎಂದರೆ ಗಂಡಸರ ಕೂಟ ಬೇರೆ, ಹೆಂಗಸರ ಕೂಟ ಬೇರೆ. ಹೆಂಗಸರ ಕೂಟದ ಫೋಟೊವನ್ನು ಹೆಂಗಸೇ ತೆಗೆಯಬೇಕು, ಹೆಂಗಸೇ ತಿದ್ದಬೇಕು, ಹೆಂಗಸೇ ಆಲ್ಬಮ್ ಕಟ್ಟಿ ಮನೆಗೆ ತಲುಪಿಸಬೇಕು. ನಡುವೆ ಹೊರಗಿನ ಯಾವ ಗಂಡಸಿನ ಕಣ್ಣೂ ಬೀಳಬಾರದು. ಗಂಡಸರ ಕಡೆಯ ಆಲ್ಬಮ್ ಕುಮಟಾದ ಲ್ಯಾಬಿನಲ್ಲಿ ಪ್ರಿಂಟ್ ಆಗಿ ಬರುತ್ತಿತ್ತು. ಹೆಂಗಸರದ್ದು ಮಾತ್ರ ಆ ಒಳಕೋಣೆಯಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ತೆಗೆಯುವವಳೂ ನಾನೇ, ತಿದ್ದುವವಳೂ ನಾನೇ. ಮಾಲೀಕರಿಗೂ ಆ ಕೋಣೆಗೆ ಪ್ರವೇಶ ಇರಲಿಲ್ಲ. ಪ್ರಿಂಟರಿನ ಮಸಿ ಮುಗಿದರೆ ಹೊರಗಿನಿಂದ ಬಾಗಿಲು ಬಡಿದು ಡಬ್ಬಿಯನ್ನು ನೆಲದ ಮೇಲಿಟ್ಟು ಹೋಗುತ್ತಿದ್ದರು.

ನಾನು ಭಟ್ಕಳದ ಪಕ್ಕದ ಮೀನುಗಾರರ ಊರು ತೆಂಗಿನಗುಂಡಿಯವಳು. ಅಪ್ಪ ಬೇರೆಯವರ ಬೋಟಿಗೆ ಹೋಗುತ್ತಿದ್ದ. ಅಮ್ಮ ಮೀನಿನ ಬುಟ್ಟಿ ಹೊತ್ತು ಭಟ್ಕಳದ ಮನೆಮನೆಗೆ ಹೋಗುತ್ತಿದ್ದಳು, ಈಗಲೂ ಹೋಗುತ್ತಾಳೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ. ಹೊನ್ನಾವರದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದವಳು, ಇಂಗ್ಲಿಷಿನಲ್ಲಿ ಒಂದು ಸಲ ಫೇಲಾದೆ. ಮತ್ತೆ ಕಟ್ಟಿ ಪಾಸು ಮಾಡಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಶಬ್ದ ಹುಡುಕಿ ಕಲಿತದ್ದು. ಆಮೇಲೆ ಬ್ಯಾಂಕಿನ ಪರೀಕ್ಷೆ ಬರೆದೆ, ಆಗಲಿಲ್ಲ. ಫೋಟೊ ತಿದ್ದುವ ಕೆಲಸ ಕಲಿತೆ, ಆಯಿತು.

ಕೆಲಸದ ಸ್ವಲ್ಪ ವಿಷಯ ಹೇಳಬೇಕು. ಫೋಟೊ ತಿದ್ದುವ ಸಾಫ್ಟ್‌ವೇರಿನ ಜೊತೆ ಕೆಲವು ಫಿಲ್ಟರ್ ಬರುತ್ತವೆ. ಅದು ಸಾಲದಿದ್ದರೆ ಬೇರೆ ಕಂಪನಿಗಳು ಮಾಡಿದ, ಅದಕ್ಕೆ ಸೇರಿಸಿಕೊಳ್ಳುವ ಪ್ಲಗಿನ್ ಸಿಗುತ್ತದೆ. ನನ್ನ ಹಳೇ ಕಂಪ್ಯೂಟರಿನಲ್ಲಿ ಮುಖದ ಚರ್ಮ ನುಣುಪು ಮಾಡುವ ಒಂದು ಪ್ಲಗಿನ್ ಇತ್ತು. ಅದನ್ನು ಕೂರಿಸುವುದು ಬಹಳ ಸುಲಭ. ಒಂದು ಪುಟ್ಟ ಫೈಲನ್ನು ನಕಲು ಮಾಡಿ ಪ್ಲಗಿನ್ ಎಂಬ ಫೋಲ್ಡರಿಗೆ ಹಾಕಬೇಕು, ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು, ಫಿಲ್ಟರ್ ಮೆನುವಿನ ತಳದಲ್ಲಿ ಅದರ ಹೆಸರು ಬಂದು ಕೂತಿರುತ್ತದೆ. ಯಾರಿಗೂ ಹೇಳುವುದು ಕೇಳುವುದು ಬೇಡ. ಮದುವೆಯ ದಿನದ ಬೆವರು, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಪೌಡರು ಕರಗಿದ ಗೆರೆ ಎಲ್ಲವನ್ನೂ ಅದು ಮೆಲ್ಲಗೆ ಒರೆಸಿಬಿಡುತ್ತಿತ್ತು.

ಎರಡು ವರ್ಷ ಆ ಕೋಣೆಯಲ್ಲಿ ಕೂತೆ. ಪರದೆಯ ಮೇಲೆ ನೂರಾರು ಹೆಂಗಸರು ನಗುತ್ತಿದ್ದರು. ಯಾರ ಕೆನ್ನೆಯಲ್ಲಿ ಕುಳಿ, ಯಾರ ಹಲ್ಲು ಸ್ವಲ್ಪ ಓರೆ, ಯಾರು ಕ್ಯಾಮೆರಾ ಕಂಡರೆ ಕಣ್ಣು ಮುಚ್ಚುತ್ತಾರೆ ಎಲ್ಲ ನನಗೆ ಗೊತ್ತು. ಆದರೆ ಸಂಜೆ ಪೇಟೆಗೆ ಇಳಿದರೆ ಒಬ್ಬರ ಗುರುತೂ ನನಗೆ ಸಿಗದು. ಬುರ್ಖಾದೊಳಗಿನಿಂದ ಅವರೇ ನನ್ನನ್ನು ಗುರುತು ಹಿಡಿದು "ನಮ್ದು ಆಲ್ಬಮ್ ಆತ?" ಎಂದು ಕೇಳುತ್ತಿದ್ದರು. "ಆತು, ಇನ್ನೆರಡು ದಿನ" ಎನ್ನುತ್ತಿದ್ದೆ, ಯಾರ ಆಲ್ಬಮ್ ಎಂದು ತಿಳಿಯದೆ. ಅವರು ಹೋದ ಮೇಲೆ ಅಲ್ಲೇ ನಿಂತು ಧ್ವನಿಗೆ ಮುಖ ಜೋಡಿಸಲು ನೋಡುತ್ತಿದ್ದೆ. ಜೋಡಣೆ ಆಗುತ್ತಿರಲಿಲ್ಲ. ಇಡೀ ದಿನ ನಾನು ಆಡಿದ ಮಾತು ಅದೊಂದೇ ಆಗಿರುವ ದಿನಗಳೂ ಇದ್ದವು.

ಆ ವರ್ಷದ ಮಳೆಗಾಲದಲ್ಲಿ ಹಳೇ ಕಂಪ್ಯೂಟರ್ ಸತ್ತಿತು. ಉಪ್ಪುಗಾಳಿ ಅದರ ಹೊಟ್ಟೆಯನ್ನೆಲ್ಲ ತಿಂದಿತ್ತು. ಮಾಲೀಕರು ಹೊಸದು ತಂದರು, ಅದರಲ್ಲಿ ಸಾಫ್ಟ್‌ವೇರೂ ಹೊಸದು. ನಾನು ಯಾವತ್ತಿನಂತೆ ನನ್ನ ಹಳೇ ಪ್ಲಗಿನ್ ಫೈಲನ್ನು ಫೋಲ್ಡರಿಗೆ ಹಾಕಿದೆ, ಮುಚ್ಚಿ ತೆರೆದೆ. ಮೆನುವಿನ ತಳ ಖಾಲಿ. ನಾಲ್ಕು ಸಲ ಮಾಡಿದೆ. ಹಳೇ ಕಾಲದ ಪ್ಲಗಿನ್ ಹೊಸ ಸಾಫ್ಟ್‌ವೇರಿಗೆ ಕಾಣುವುದೇ ಇಲ್ಲವಂತೆ, ಆಮೇಲೆ ತಿಳಿಯಿತು.

ಸರಿಯಾಗಿ ಆಗಲೇ ಒಂದು ನವಾಯತಿ ಮನೆಯ ಮದುವೆ ಆದದ್ದು. ಆ ಮನೆಯ ಹಿಂದಿನ ಬಾಗಿಲಿಗೆ ನನ್ನ ಅಮ್ಮ ನಾನು ಹುಟ್ಟುವ ಮೊದಲಿಂದ ಮೀನು ಕೊಡುತ್ತಿದ್ದಳು. ಸಣ್ಣವಳಿದ್ದಾಗ ನಾನೂ ಅವಳ ಸೆರಗು ಹಿಡಿದು ಹೋಗಿ ಆ ಅಂಗಳದಲ್ಲಿ ಕೂತಿದ್ದುಂಟು. ಈ ಸಲ ಕ್ಯಾಮೆರಾ ಚೀಲ ಹೊತ್ತು ಮುಂಬಾಗಿಲಿನಿಂದ ಹೋದೆ. ವಧುವಿನ ತಾಯಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಮದುವೆಯ ಮಾರನೇ ದಿನ ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು.

"ಬೇಟಿ, ಒಂದು ಮಾತು. ಊರಲ್ಲಿ ದೊಡ್ಡ ದೊಡ್ಡ ಕ್ಯಾಮೆರಾದವ್ರು ಇದ್ರು. ನಮ್ಮ ಮನೆ ಹುಡುಗ್ರು ಮಂಗಳೂರಿಂದ ಕರೆಸ್ತೆವೆ ಅಂದ್ರು. ನಾನು ಬೇಡ ಅಂದೆ. ಎಂತಕ್ಕೆ ಗೊತ್ತುಂಟಾ?"

"ಎಂತಕ್ಕೆ ಖಾಲಾ?"

"ನಿನ್ನಮ್ಮ ಇಷ್ಟು ವರ್ಷ ನಮ್ಗೆ ಮೀನು ಕೊಟ್ಟಳು. ಒಂದಿನ ಕೆಟ್ಟದ್ದು ಕೊಟ್ಟಿಲ್ಲ. ಅವಳ ಮಗಳು ಅಂತ ನಿನ್ನ ಕೈಗೆ ಕೊಡೂದು. ಈ ಫೋಟೊ ಒಂದು ಕೂಡ ಆ ಕೋಣೆ ದಾಟ್‌ಬಾರ್ದು."

"ದಾಟೂದಿಲ್ಲ ಖಾಲಾ" ಎಂದೆ.

ವಧು ಎರಡು ವಾರದಲ್ಲಿ ಗಂಡನ ಜೊತೆ ದುಬೈಗೆ ಹೋಗುವವಳಿದ್ದಳು. ಆಲ್ಬಮ್ ಅಷ್ಟರೊಳಗೆ ಆಗಬೇಕು. ಫಿಲ್ಟರ್ ಇಲ್ಲದೆ ಅಷ್ಟು ಫೋಟೊ ತಿದ್ದಿ ಮುಗಿಸುವುದು ಹೇಗೆ ಎಂಬ ಗಾಬರಿಯಲ್ಲಿ ಕುಮಟಾದ ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿನ ಆಪರೇಟರ್ ಒಳ್ಳೆ ಮನುಷ್ಯ, ಬಾಯಿ ಮಾತ್ರ ಸ್ವಲ್ಪ ಹರಿತ. ಹೊಸ ಪ್ಲಗಿನ್ ಒಂದಿದೆ, ತಮ್ಮಲ್ಲಿ ಒಂದು ಲೈಸೆನ್ಸ್ ಹೆಚ್ಚಿಗೆ ಉಂಟು ಎಂದು ಪೆನ್‌ಡ್ರೈವಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ಜೊತೆಗೆ ಲೈಸೆನ್ಸ್ ಸಂಖ್ಯೆ ಬರೆದ ಚೀಟಿ.

"ಕೂರಿಸೂದು ಹ್ಯಾಂಗೆ, ಹಳೇದರ ಹಾಂಗೇ ಅಲ್ದ?" ಎಂದು ಮತ್ತೆ ಫೋನ್ ಮಾಡಿ ಕೇಳಿದೆ.

"ಅಯ್ಯೋ ಮಾರಾಯ್ತಿ, ನೀವು ಡಿಗ್ರಿ ಮಾಡ್ದವ್ರು. ಹತ್ತನೇ ಫೇಲ್ ಆದ ನಾನು ನಿಮ್ಗೆ ಎಂತ ಹೇಳಿ ಕೊಡೂದು? ಎಲ್ಲ ಇಂಗ್ಲಿಷಿನಲ್ಲಿ ಬರ್ದದೆ, ಓದ್ಕಳಿ."

ಅವನು ತಮಾಷೆಗೆ ಹೇಳಿದ್ದು. ನನಗೆ ಚುಚ್ಚಿತು. ಇಂಟರ್ನೆಟ್ ಇಲ್ಲದ ಯಂತ್ರಕ್ಕೆ ಇದನ್ನು ಹಾಕುವುದು ಹೇಗೆ ಎಂಬ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ಆತು, ನಾನು ನೋಡ್ಕಳ್ತೆ" ಎಂದು ಫೋನ್ ಇಟ್ಟೆ.

ಒಳಕೋಣೆಗೆ ಹೋಗಿ ಪೆನ್‌ಡ್ರೈವ್ ಚುಚ್ಚಿದೆ. ಇದು ಫೈಲ್ ನಕಲು ಮಾಡಿದರೆ ಮುಗಿಯುವ ಪ್ಲಗಿನ್ ಆಗಿರಲಿಲ್ಲ. ಪರದೆಯ ಮೇಲೆ ಒಂದಾದ ಮೇಲೊಂದು ಕಿಟಕಿ ತೆರೆದುಕೊಳ್ಳುತ್ತ ಹೋಯಿತು. ಪ್ರತಿ ಕಿಟಕಿಯಲ್ಲೂ ಇರುವೆ ಸಾಲಿನಂಥ ಇಂಗ್ಲಿಷ್, ಕೆಳಗೆ ಒಪ್ಪಿಗೆ ಎಂಬ ಗುಂಡಿ. ಒತ್ತಿದೆ, ಒತ್ತಿದೆ, ಒತ್ತಿದೆ. ಕೊನೆಗೆ ಲೈಸೆನ್ಸ್ ಸಂಖ್ಯೆ ಕೇಳಿತು. ಹಾಕಿದೆ. ಇಂಟರ್ನೆಟ್ ಸಂಪರ್ಕ ಬೇಕು ಎಂದಿತು.

ಇಂಟರ್ನೆಟ್ ಇಲ್ಲದವರಿಗೂ ಅದರಲ್ಲಿ ದಾರಿ ಇತ್ತು. ಕಂಪ್ಯೂಟರ್ ಒಂದು ಕೋರಿಕೆಯ ಫೈಲ್ ಮಾಡಿಕೊಡುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಹೊರಗಿನ ಕಂಪ್ಯೂಟರಿಗೆ ಒಯ್ದು ಕಂಪನಿಗೆ ಕಳಿಸಿದರೆ ಉತ್ತರದ ಫೈಲ್ ಬರುತ್ತದೆ, ಅದನ್ನು ತಂದು ಹಾಕಿದರೆ ಆಯಿತು. ಅದೇ ಕಿಟಕಿಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಅಷ್ಟೂ ಬರೆದಿತ್ತು. ನಾನು ಓದಲಿಲ್ಲ. ಓದಲು ಬರದೆ ಅಲ್ಲ, ಬರುತ್ತದೆ ಎಂಬ ಧೈರ್ಯದಲ್ಲಿ ಓದಲಿಲ್ಲ.

ಹೊರಗೆ ಹೋಗಿ ಡ್ರಾಯರಿನಿಂದ ಮೊಬೈಲ್ ತೆಗೆದುಕೊಂಡೆ. ಮಾಲೀಕರು ಊಟಕ್ಕೆ ಹೋಗಿದ್ದರು. ಎರಡು ನಿಮಿಷದ ಕೆಲಸ ಎಂದುಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ಆ ಕೋಣೆಗೆ ಮೊಬೈಲ್ ಬಂತು. ಕೇಬಲ್ ಹಾಕಿ ಅದರ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿದೆ. ಚಕ್ರ ತಿರುಗಿತು, ಹಸಿರು ಗುರುತು ಬಂತು. ಸಾಫ್ಟ್‌ವೇರ್ ತೆರೆದು ನೋಡಿದರೆ ಫಿಲ್ಟರ್ ಮೆನುವಿನ ತಳದಲ್ಲಿ ಹೊಸ ಹೆಸರು! ಎಷ್ಟು ಖುಷಿಯಾಯಿತೆಂದರೆ, ಕೇಬಲ್ ಕೀಳುವುದನ್ನೇ ಮರೆತೆ. ಹೇಗೆ ಬರುತ್ತದೆ ನೋಡೋಣ ಎಂದು ಆ ಮದುವೆಯ ಫೋಲ್ಡರಿನಿಂದ ಒಂದು ಫೋಟೊ ತೆರೆದು ಫಿಲ್ಟರ್ ಒತ್ತಿದೆ.

ಅದು ವಧುವಿನ ಫೋಟೊ. ಅದರಲ್ಲಿ ಅವಳು ಹೇಗಿದ್ದಳು, ಎಂತ ಮಾಡುತ್ತಿದ್ದಳು ಎಂದು ಇಲ್ಲಿ ಬರೆಯುವುದಿಲ್ಲ. ನಾನು ತೆಗೆದ ಫೋಟೊಗಳಲ್ಲೆಲ್ಲ ಒಳ್ಳೆಯದು ಅದು. ಅಷ್ಟು ಸಾಕು.

ಪರದೆಯ ಕೆಳಗೆ ಒಂದು ತೆಳ್ಳನೆ ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಅದರ ಮೇಲೆ ಬರೆದದ್ದನ್ನು ಈ ಸಲ ಓದಿದೆ: ಫೋಟೊವನ್ನು ಕಂಪನಿಯ ಸರ್ವರ್‌ಗೆ ಕಳಿಸಲಾಗುತ್ತಿದೆ. ಅರ್ಥ ತಲೆಗೆ ಇಳಿಯುವುದಕ್ಕೂ ಪಟ್ಟಿ ತುಂಬುವುದಕ್ಕೂ ಸರಿಹೋಯಿತು. ಕೇಬಲ್ ಕಿತ್ತು ಎಸೆದೆ. ಆದರೆ ಅಷ್ಟರಲ್ಲಿ ಮುಖ ಪರದೆಯ ಮೇಲೆ ಬಂದು ನಿಂತಿತ್ತು. ನುಣುಪಾದ ಮುಖ, ಒಂದು ಗೆರೆ ಇಲ್ಲ, ಒಂದು ಹನಿ ಬೆವರಿಲ್ಲ. ಹಳೇ ಪ್ಲಗಿನ್ ಕೆಲಸವನ್ನು ಇದ್ದಲ್ಲೇ ಮಾಡುತ್ತಿತ್ತು. ಇದು ಇಂಟರ್ನೆಟ್ ಸಿಕ್ಕಿದರೆ ಫೋಟೊವನ್ನು ಕಂಪನಿಯ ಯಂತ್ರಕ್ಕೆ ಕಳಿಸಿ, ಅಲ್ಲಿ ನುಣುಪು ಮಾಡಿಸಿ ತರಿಸಿಕೊಳ್ಳುತ್ತಿತ್ತು. ಮುಖ ನುಣುಪಾಗಿದೆ ಎಂದರೆ ಅದು ಕೋಣೆ ದಾಟಿ, ಊರು ದಾಟಿ, ನನಗೆ ಹೆಸರೂ ತಿಳಿಯದ ಯಾವುದೋ ದೇಶಕ್ಕೆ ಹೋಗಿ ಬಂದಿದೆ.

"ಹೀಗಾಯಿತು" ಎಂದು ಹೇಳಿಕೊಳ್ಳಲು ಆ ಕೋಣೆಯಲ್ಲಿ ಇನ್ನೊಂದು ಕುರ್ಚಿಯೂ ಇರಲಿಲ್ಲ. ಎದ್ದು ಪ್ಲಗಿನನ್ನು ಕಿತ್ತುಹಾಕಿದೆ. ಪ್ಲಗಿನ್ ಫೋಲ್ಡರ್ ಖಾಲಿ ಮಾಡಿದೆ. ಹೋದದ್ದನ್ನು ಅದು ತರುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ.

ಮಾಲೀಕರು ಊಟ ಮುಗಿಸಿ ಬಂದ ಮೇಲೆ ಹೇಳಿದೆ. ಅವರು ಹಲ್ಲು ಚುಚ್ಚಿಕೊಳ್ಳುತ್ತ ಪೂರ್ತಿ ಕೇಳಿದರು.

"ಒಂದ್ ಫೋಟೊ ಅಲ್ದ?"

"ಹೌದು."

"ಆ ಕಂಪನಿಗೆ ದಿನಕ್ಕೆ ಎಷ್ಟ್ ಲಕ್ಷ ಫೋಟೊ ಬತ್ತದೋ. ಅದ್ರಲ್ಲಿ ಇದೊಂದನ್ನ ಯಾರು ಕೂತು ನೋಡ್ತ್ರು? ಬಾಯಿ ಮುಚ್ಕಂಡು ಆಲ್ಬಮ್ ಮುಗ್ಸು."

"ಖಾಲಾಗೆ ಮಾತು ಕೊಟ್ಟಿದ್ದೆ."

"ಮಾತು ಕೊಟ್ಟಿದ್ದು ನೀನು, ಅಂಗಡಿ ನಂದು. ಇದು ಹೊರಗೆ ಬಿದ್ರೆ ನಾಳೆಯಿಂದ ಹೆಂಗಸ್ರ ಕೆಲ್ಸ ಒಂದೂ ಬರೂದಿಲ್ಲ. ಆಮೇಲೆ ಆ ಕೋಣೆಲಿ ಕೂತು ಎಂತ ಮಾಡ್ತೆ, ನೊಣ ಹೊಡಿತ್ಯಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವಂಥದ್ದಲ್ಲ ಅದು. ಆ ಸಂಜೆ ತೆಂಗಿನಗುಂಡಿಗೆ ಹೋದಾಗ ಅಮ್ಮ ಅಂಗಳದಲ್ಲಿ ಒಣಮೀನು ಎತ್ತಿಡುತ್ತಿದ್ದಳು. ಸರ್ವರ್, ಪ್ಲಗಿನ್ ಎಂದರೆ ಅವಳಿಗೆ ತಿಳಿಯುವುದಿಲ್ಲ. ಖಾಲಾ ಮಗಳ ಫೋಟೊ ಒಂದು ನನ್ನ ಕೈ ತಪ್ಪಿ ಹೊರಗೆ ಹೋಯಿತು ಎಂದಷ್ಟೇ ಹೇಳಿದೆ.

"ಯಾರಾದ್ರೂ ಕಂಡ್ರಾ?"

"ಗೊತ್ತಿಲ್ಲ. ಕಂಡಿರ್ಲಿಕ್ಕಿಲ್ಲ."

ಅವಳು ಮೀನಿನ ಚೀಲದ ಬಾಯಿ ಕಟ್ಟಿದಳು. "ನನ್ನ ಬುಟ್ಟೀಲಿ ಒಂದೊಂದ್ಸಲ ಮೆತ್ತಗಾದ ಮೀನು ಇರ್ತದೆ. ಮಸಾಲೆ ಹಾಕಿ ಹುರಿದ್ರೆ ಅವ್ರಿಗೆ ಗೊತ್ತಾಗೂದಿಲ್ಲ. ಆದ್ರೂ ಬಾಗ್ಲಲ್ಲೇ ಹೇಳ್ತೆ, ಬೀಬಿ, ಇದು ನಿಮ್ಗಲ್ಲ, ಬೆಕ್ಕಿಗೆ ಅಂತ. ನೀನು ಓದ್ದವ್ಳು. ನಿಂಗೆ ನಾನು ಎಂತ ಹೇಳೂದು?"

ಕುಮಟಾದವನೂ ಇದೇ ಮಾತು ಹೇಳಿದ್ದ. ಅಮ್ಮ ಹೇಳಿದಾಗ ಅದರಲ್ಲಿ ತಮಾಷೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಡಲ ಬದಿಗೆ ಹೋಗಿ ಕೂತು ಮೊಬೈಲಿನಲ್ಲಿ ಆ ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಪರೀಕ್ಷೆಗೆ ಎಷ್ಟೋ ಪತ್ರ ಬರೆದಿದ್ದೆ. ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ, ಬ್ಯಾಂಕ್ ಮ್ಯಾನೇಜರಿಗೆ ಮನವಿ. ಎಲ್ಲ ಬಾಯಿಪಾಠ. ಇದು ನನ್ನ ಸ್ವಂತದ ಮೊದಲ ಪತ್ರ. ಇದು ಒಬ್ಬ ವಧುವಿನ ಫೋಟೊ, ನಮ್ಮ ಕಡೆ ಇಂಥ ಫೋಟೊವನ್ನು ಮನೆಯವರಲ್ಲದೆ ಬೇರೆಯವರು ನೋಡಬಾರದು, ಅವಳು ಕಳಿಸಿದ್ದಲ್ಲ, ನನ್ನ ತಪ್ಪಿನಿಂದ ಬಂದದ್ದು, ದಯವಿಟ್ಟು ಅಳಿಸಿ, ಅಳಿಸಿದ ಮೇಲೆ ನನಗೆ ತಿಳಿಸಿ. ಒಂಬತ್ತು ಸಾಲಿಗೆ ಇಡೀ ಬೆಳಿಗ್ಗೆ ಹಿಡಿಯಿತು. ಕಳಿಸಿದ ಕೂಡಲೇ ಉತ್ತರ ಬಂತು. ಯಂತ್ರದ ಉತ್ತರ: ನಿಮ್ಮ ಪತ್ರ ತಲುಪಿದೆ, ನೀವು ನಮಗೆ ಮುಖ್ಯರು.

ಅಲ್ಲಿಂದ ನೆಟ್ಟಗೆ ಖಾಲಾ ಮನೆಗೆ ಹೋದೆ. ಕೂರು ಎಂದರು, ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಒಳಗೆ ತಿರುಗಿ ಮಗಳನ್ನು ಕರೆದರು. ವಧು ನನಗಿಂತ ಎರಡು ವರ್ಷ ಸಣ್ಣವಳು, ಅವಳೂ ಡಿಗ್ರಿ ಓದಿದವಳು. ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಖಾಲಾ ನವಾಯತಿಯಲ್ಲಿ ವಿಷಯ ಹೇಳುತ್ತಿದ್ದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾವ ಫೋಟೊ?" ಎಂದಳು.

ಹೇಳಿದೆ.

"ಅಷ್ಟು ಫೋಟೊ ಇತ್ತಲ್ಲ. ಅದೇ ಸಿಕ್ತಾ ನಿಮ್ಗೆ?" ಎಂದವಳು ಒಳಗೆ ಹೋಗಿಬಿಟ್ಟಳು.

ಖಾಲಾ ಕೇಳಿದರು, "ಉಳಿದದ್ದು ಎಲ್ಲುಂಟು?"

"ಕೋಣೇಲಿ. ಬೇರೆ ಯಾವ್ದೂ ಹೋಗ್ಲಿಲ್ಲ ಖಾಲಾ. ಆಣೆ."

"ಆಣೆ ಬೇಡ. ಆ ಮಶೀನು ಇಲ್ಲಿಗೆ ತಗಂಡು ಬಾ. ಉಳಿದ ಕೆಲ್ಸ ಇಲ್ಲೇ ಕೂತು ಮಾಡು. ನಮ್ಮ ಕಣ್ಣೆದುರು."

ಅದು ನಂಬಿಕೆಯೋ ಅಪನಂಬಿಕೆಯೋ ಆಗ ತಿಳಿಯಲಿಲ್ಲ. ಮಾಲೀಕರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. "ಒಯ್ಯಿ. ಇನ್ನು ಅದು ನಂಗೆ ಎಂತಕ್ಕೆ?" ಎಂದರು. ಕಂಪ್ಯೂಟರನ್ನೂ ಪ್ರಿಂಟರನ್ನೂ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ಒಯ್ದೆ.

ಮಹಡಿಯ ಕೋಣೆಯಲ್ಲಿ ಒಂಬತ್ತು ದಿನ ಕೂತೆ. ಪ್ಲಗಿನ್ ಇಲ್ಲ, ಒಂದೊಂದು ಮುಖವನ್ನೂ ಕೈಯಿಂದಲೇ ತಿದ್ದಬೇಕು. ಅಲ್ಲಿ ದೊಡ್ಡ ಕಿಟಕಿ ಇತ್ತು, ಗಾಳಿ ಇತ್ತು. ಮಧ್ಯಾಹ್ನದ ಕೆಲಸ ಮುಗಿಸಿ ಮನೆಯ ಹೆಂಗಸರು ಒಬ್ಬೊಬ್ಬರೇ ಮೇಲೆ ಬಂದು ನನ್ನ ಬೆನ್ನ ಹಿಂದೆ ಚಾಪೆ ಹಾಕಿ ಕೂರುತ್ತಿದ್ದರು. ಎರಡು ವರ್ಷ ಪರದೆಯ ಮೇಲೆ ಸುಮ್ಮನೆ ನಗುತ್ತಿದ್ದಂಥ ಮುಖಗಳಿಗೆ ಈಗ ಬಾಯಿ ಬಂದಿತ್ತು. ಖಾಲಾರ ತಂಗಿಯ ಮುಖ ತಿದ್ದುತ್ತಿದ್ದೆ.

"ಏ ಹುಡುಗಿ, ನನ್ನ ಗೆರೆ ಎಲ್ಲ ತೆಗ್ದು ಎಲ್ಲಿ ಇಟ್ಟೆ? ಎಂತಕ್ಕಾದ್ರೂ ಬೇಕಾತದೆ, ವಾಪಸ್ ಕೊಡು."

ಪಕ್ಕದಲ್ಲಿದ್ದ ಅವರ ನಾದಿನಿ ಬಿಡಲಿಲ್ಲ. "ಅವ್ಳದ್ದು ಇನ್ನೂ ಒರ್ಸು, ಇನ್ನೂ ಒರ್ಸು. ಅವ್ಳಿಗೆ ಮೌಸ್ ಸಾಕಾಗೂದಿಲ್ಲ, ಸುಣ್ಣದ ಬ್ರಶ್ ತರ್ಬೇಕು."

"ನಿಂದು ಬರ್ಲಿ ತಡಿ. ಅರ್ಧ ಮುಖ ಕತ್ತರಿಸೂಕೆ ಹೇಳ್ತೆ."

ನಾನು ನಕ್ಕೆ. ಅವರು ನಕ್ಕರು. ಯಾರೋ ಚಹಾ ತಂದಿಟ್ಟರು. ಆದರೆ ನಗು ನಿಂತ ಕೂಡಲೇ ಅವರೆಲ್ಲರ ಕಣ್ಣು ಕಂಪ್ಯೂಟರಿನ ಹಿಂಭಾಗಕ್ಕೆ ಹೋಗುತ್ತಿತ್ತು, ಅಲ್ಲಿ ಬೇರೆ ವೈರ್ ಏನಾದರೂ ಇದೆಯಾ ಎಂದು. ನನ್ನ ಮೊಬೈಲನ್ನು ಬೆಳಿಗ್ಗೆ ಬಂದ ಕೂಡಲೇ ಖಾಲಾ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು, ಸಂಜೆ ಮರಳಿ ಕೊಡುತ್ತಿದ್ದರು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ವಧು ಮಾತ್ರ ಒಂದು ದಿನವೂ ಮಹಡಿ ಹತ್ತಲಿಲ್ಲ. ಕೆಳಗೆ ಅವಳ ಸೂಟ್‌ಕೇಸ್ ತುಂಬುವ ಸದ್ದು, ಅವಳ ಮಾತು ಕೇಳಿಸುತ್ತಿತ್ತು. ಅವಳ ಮುಖ ದಿನವಿಡೀ ನನ್ನ ಕಣ್ಣೆದುರಿಗೇ ಇರುತ್ತಿತ್ತು.

ಎಂಟನೇ ದಿನ ಸಂಜೆ, ಮೊಬೈಲ್ ಕೈಗೆ ಬಂದಾಗ ಕಂಪನಿಯ ಉತ್ತರ ಬಂದಿತ್ತು. ಈ ಸಲ ಯಂತ್ರದ್ದಲ್ಲ, ಯಾರೋ ಕೂತು ಬರೆದದ್ದು. ನೀವು ಹೇಳಿದ ಫೋಟೊವನ್ನು ನಮ್ಮ ಸರ್ವರಿನಿಂದ ಅಳಿಸಿದ್ದೇವೆ, ತೊಂದರೆಗೆ ವಿಷಾದಿಸುತ್ತೇವೆ. ಎರಡೇ ಸಾಲು. ಅಲ್ಲೇ ಅಂಗಳದಲ್ಲಿ ನಿಂತು ಖಾಲಾರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಹೂಂ ಎಂದರು, ಅಷ್ಟೇ.

ಮರುದಿನ ಕೊನೆಯ ಪುಟ ಪ್ರಿಂಟ್ ಆಗುತ್ತಿದ್ದಾಗ ವಧು ಮೇಲೆ ಬಂದಳು. ಬಾಗಿಲು ಹಾಕಿದಳು. ಕೋಣೆಯಲ್ಲಿ ನಾವಿಬ್ಬರೇ.

"ಆ ಪತ್ರ ತೋರ್ಸಿ."

ಮೊಬೈಲ್ ಕೆಳಗೆ ಅವಳ ತಾಯಿಯ ಹತ್ತಿರ ಇದೆ ಎಂದೆ. ಅವಳು ಅದನ್ನು ಹಿಡಿದುಕೊಂಡೇ ಬಂದಿದ್ದಳು. ತೆರೆದುಕೊಟ್ಟೆ. ಕಂಪನಿಯ ಎರಡು ಸಾಲನ್ನು ಓದಿದಳು. ಅದರ ಕೆಳಗೆ ನನ್ನ ಒಂಬತ್ತು ಸಾಲು ಇತ್ತು. ಅದನ್ನೂ ಓದಿದಳು, ನಿಧಾನವಾಗಿ.

"ಅಳಿಸಿದ್ದಾರೆ ಅಂತ ನೀವು ನಂಬ್ತೀರಾ?"

"ಬರ್ದು ಕೊಟ್ಟಿದ್ದಾರೆ. ಅದ್ರ ಮೇಲೆ ನೋಡೂಕೆ ನಂಗೆ ದಾರಿ ಇಲ್ಲ."

"ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಅಲ್ವಾ?"

"ಇಲ್ಲ."

"ಹೇಳಿದ್ದು ಒಳ್ಳೇದಾತು ಅಂತಾಳೆ ಅಮ್ಮಿ. ಹೇಳದಿದ್ರೇ ಚಂದ ಇತ್ತು ಅಂತ ನಂಗೆ ಒಂದೊಂದ್ಸಲ ಕಾಣ್ತದೆ."

ಪ್ರಿಂಟರಿನಿಂದ ಬಂದ ಪುಟವನ್ನು ತೆಗೆದು ಪಕ್ಕಕ್ಕಿಟ್ಟೆ.

ಫೋಟೊ ತೋರಿಸಿ ಎಂದಳು. ತೆರೆದೆ. ಫಿಲ್ಟರ್ ಮುಟ್ಟದ ಮೂಲ ಫೋಟೊ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತು ಬಹಳ ಹೊತ್ತು ನೋಡಿದಳು. "ಚಂದ ಬಂದದೆ" ಎಂದಳು. ನಾನು ಹೌದೆಂದೆ. ಆಲ್ಬಮ್ಮಿನಲ್ಲಿ ಅದಕ್ಕಾಗಿಯೇ ಒಂದು ಪುಟ ಖಾಲಿ ಬಿಟ್ಟಿದ್ದೇನೆ, ಪ್ರಿಂಟ್ ತೆಗೆಯಲಾ ಎಂದು ಕೇಳಿದೆ.

"ಬೇಡ. ತೆಗೆದುಹಾಕಿ."

"ಆಲ್ಬಮ್ ನಿಮ್ಮ ಮನೇಲೇ ಇರ್ತದಲ್ಲ. ನಿಮ್ಮವ್ರು ಮಾತ್ರ ನೋಡೂದು."

"ನೋಡ್ದಾಗೆಲ್ಲ ಇದು ಎಲ್ಲಿಗೆ ಹೋಗಿ ಬಂತು ಅಂತಲೇ ನೆನಪಾತದೆ. ತೆಗೀರಿ. ಎಲ್ಲಾ ಕಡೆಯಿಂದ."

ಅವಳ ಕಣ್ಣೆದುರೇ ತೆಗೆದೆ. ಕಂಪ್ಯೂಟರಿನಿಂದ, ಅದರ ಕಸದ ಬುಟ್ಟಿಯಿಂದ, ಕ್ಯಾಮೆರಾದ ಕಾರ್ಡಿನಿಂದ, ಇನ್ನೊಂದು ಹಾರ್ಡ್‌ಡಿಸ್ಕಿನ ನಕಲಿನಿಂದ. ಒಂದೊಂದು ಸಲವೂ ಕಂಪ್ಯೂಟರ್ ಖಂಡಿತವಾಗಿಯೂ ಅಳಿಸಬೇಕೇ ಎಂದು ಕೇಳುತ್ತಿತ್ತು. ಅವಳು ತಲೆಯಾಡಿಸುತ್ತಿದ್ದಳು, ನಾನು ಒತ್ತುತ್ತಿದ್ದೆ. ಮುಗಿದ ಮೇಲೆ ಅವಳು ಎದ್ದು, "ನಿಮ್ಮ ಇಂಗ್ಲಿಷ್ ಚಲೋ ಉಂಟು" ಎಂದು ಹೇಳಿ ಕೆಳಗೆ ಹೋದಳು. ಕೊಂಕು ಇರಲಿಲ್ಲ ಎಂದೇ ಅಂದುಕೊಂಡಿದ್ದೇನೆ.

ಆಲ್ಬಮ್ ಸಮಯಕ್ಕೆ ಮುಗಿಯಿತು. ಒಂದು ಪುಟ ಕಡಿಮೆ ಇದೆ ಎಂದು ಯಾರಿಗೂ ತಿಳಿಯದ ಹಾಗೆ ಕಟ್ಟಿದೆ. ಅವಳು ದುಬೈಗೆ ಹೋದಳು.

ಖಾಲಾ ಈ ವಿಷಯವನ್ನು ಊರಿನಲ್ಲಿ ಹೇಳಲಿಲ್ಲ ಎಂದು ನನಗೆ ಖಾತ್ರಿ. ಆದರೂ ಮನೆಯಿಂದ ಮನೆಗೆ ಮಾತು ಹೋಗುವುದಕ್ಕೆ ಹೇಳಲೇಬೇಕೆಂದಿಲ್ಲ. ಕಂಪ್ಯೂಟರು ಬೆಡ್‌ಶೀಟ್ ಸುತ್ತಿಕೊಂಡು ರಿಕ್ಷಾದಲ್ಲಿ ಹೋದದ್ದನ್ನು ಪೇಟೆಯೇ ನೋಡಿತ್ತು. ಹೆಂಗಸರ ಕಡೆಯ ಕೆಲಸ ಒಂದು ಬಂತು, ಆಮೇಲೆ ಬರಲಿಲ್ಲ. ಮಾಲೀಕರು ಒಳಕೋಣೆಯ ಪ್ಲೈವುಡ್ ತೆಗೆಸಿ ಅದನ್ನು ಪಾಸ್‌ಪೋರ್ಟ್ ಫೋಟೊ ತೆಗೆಯುವ ಜಾಗ ಮಾಡಿದರು. ನನ್ನನ್ನು ಹೋಗು ಎನ್ನಲಿಲ್ಲ. ನಾನೇ ಹೋದೆ.

ಈಗ ಕುಮಟಾದ ಆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಗೊಂದು ರೂಮು. ಗುರುತು ಪರಿಚಯ ಇಲ್ಲದವರ ಮುಖಗಳನ್ನು ದಿನವಿಡೀ ನುಣುಪು ಮಾಡುತ್ತೇನೆ. ಯಾರ ಮದುವೆಯೋ, ಯಾವ ಊರೋ. ಫೈಲಿನ ಮೇಲೆ ನಂಬರು ಮಾತ್ರ ಇರುತ್ತದೆ. ಹೊಸ ಪ್ಲಗಿನ್ ಬಂದರೆ ಅದರ ಕಿಟಕಿಗಳನ್ನು ಒಂದಕ್ಷರ ಬಿಡದೆ ಓದುತ್ತೇನೆ. ಆಪರೇಟರ್ ಹಿಂದಿನಿಂದ ಕೂಗುತ್ತಾನೆ, "ಓದಿ ಮುಗೀತಾ ಮೇಡಂ? ಮದ್ವೆ ಹುಡುಗಿಗೆ ಮೊಮ್ಮಕ್ಕಳಾತು!" ನಾನು ತಿರುಗಿ ನೋಡುವುದಿಲ್ಲ. ಅವನಿಗೆ ಈ ಕತೆ ಗೊತ್ತಿಲ್ಲ.

ಅಮ್ಮ ಈಗಲೂ ಖಾಲಾ ಮನೆಯ ಹಿಂದಿನ ಬಾಗಿಲಿಗೆ ಮೀನು ಒಯ್ಯುತ್ತಾಳೆ. ನಿನ್ನ ಮಗಳು ಹೇಗಿದ್ದಾಳೆ ಎಂದು ಅವರು ಪ್ರತಿ ಸಲವೂ ಕೇಳುತ್ತಾರಂತೆ. ಕಳೆದ ತಿಂಗಳು ಅವರ ಎರಡನೇ ಮಗಳ ಮದುವೆಯಾಯಿತು. ನಾನು ಭಾನುವಾರ ಮನೆಗೆ ಹೋದಾಗ ಅಮ್ಮ ಅಲ್ಲಿಂದ ಕೊಟ್ಟ ಸಿಹಿಯ ಡಬ್ಬಿ ಮುಂದಿಟ್ಟಳು.

"ಫೋಟೊ ಯಾರು ತೆಗ್ದ್ರಂತೆ?" ಎಂದು ಕೇಳಿದೆ.

"ದುಬೈಯಿಂದ ಮದುಮಗಳ ಅಕ್ಕ ಬಂದಿತ್ತಲ್ಲ, ಅದೇ ತೆಗೀತಂತೆ. ಮೊಬೈಲಿನಲ್ಲಿ ಅಲ್ಲ, ದೊಡ್ಡ ಕ್ಯಾಮೆರಾ ತಂದಿತ್ತಂತೆ. ಹೊರಗಿನವ್ರು ಯಾರನ್ನೂ ಕರೀಲಿಲ್ಲ."

"ತಿದ್ದೂದು ಯಾರು?"

"ತಿದ್ದೂದೇ ಇಲ್ವಂತೆ. ಹ್ಯಾಂಗೆ ಬಂತೋ ಹಾಂಗೇ ಇಡ್ತ್ರಂತೆ." ಅಮ್ಮ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. "ತಿನ್ನು."

ಒಂದು ತುಂಡು ತಿಂದೆ. ನಾಲ್ಕು ಗಂಟೆಯ ಬಸ್ಸಿಗೆ ಕುಮಟಾಕ್ಕೆ ಹೊರಟೆ.